ಅಮಾಸಿಯ ಮಧ್ಯಾಹ್ನದ ಸಿನಿಮಾ

ಮುರಿದ ಕಾಲಿಗೆ ತೊಡೆಯ ತನಕ ಪ್ಲಾಸ್ಟರು ಹಾಕಿಸಿಕೊಂಡು ಬನಹಟ್ಟಿಯ ಮನೆಯಲ್ಲಿ ಮಲಗಿದ್ದ ಆ ಮೂರು ತಿಂಗಳು, ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು. "ಆರಾಮ ಟಿವಿ ನೋಡ್ರಿ ಸರ, ಹೊತ್ತು ಹೋಗ್ತೈತಿ." ಚಾ ಕುಡಿದು, ಪ್ಲಾಸ್ಟರಿನ ಮೇಲೆ ಬೆರಳಿನಿಂದ ಟಕಟಕ ಬಡಿದು ನೋಡಿ, ಎದ್ದು ಹೋಗುತ್ತಿದ್ದರು. ಆಮೇಲೆ ನಾನೂ ಟಿವಿಯೂ ಇಬ್ಬರೇ ಉಳಿಯುತ್ತಿದ್ದೆವು.

ಬಿದ್ದದ್ದು ನನ್ನದೇ ತಪ್ಪು. ಇಪ್ಪತ್ತು ವರ್ಷ ಜಮಖಂಡಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ "ಬಸ್ಸು ನಿಲ್ಲೂ ತನಕ ಇಳೀಬ್ಯಾಡ್ರಿ" ಎಂದು ಗಂಟಲು ಹರಿದುಕೊಂಡವನು, ಒಂದು ಮುಂಜಾನೆ ಪ್ರಾರ್ಥನೆಗೆ ತಡವಾದೀತೆಂದು ಓಡುವ ಬಸ್ಸಿನಿಂದ ಕಾಲು ಕೆಳಗಿಟ್ಟೆ. ನನ್ನನ್ನು ಎತ್ತಿ ದವಾಖಾನೆಗೆ ಒಯ್ದವರು ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೇ. ಅವರ ಮುಖದಲ್ಲಿ ಕಾಳಜಿ ಇತ್ತು, ಖರೆ. ಆದರೆ ನಗು ತಡೆದುಕೊಂಡ ಮುಖ ಹೇಗಿರುತ್ತದೆ ಎನ್ನುವುದು ಯಾವ ಮಾಸ್ತರನಿಗೂ ಗೊತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇದ್ದದ್ದು ಒಂದೇ ಚಾನೆಲ್ಲು. ಹಿಂದಿನ ವರ್ಷ ನನ್ನ ಹೆಂಡತಿ ಹಟ ಹಿಡಿದು ತರಿಸಿದ ಕಪ್ಪು-ಬಿಳುಪು ಟಿವಿ, ಅದಕ್ಕೊಂದು ಕಟ್ಟಿಗೆಯ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು. ಆಕೆಯೂ ಟೀಚರು, ರನ್ನ ಬೆಳಗಲಿಯ ಶಾಲೆಯಲ್ಲಿ. ಮುಂಜಾನೆ ನನಗೆ ಮುಖ ತೊಳೆಸಿ, ಹಾಸಿಗೆಯ ಪಕ್ಕ ಬಡಿಗೆ, ಪೇಪರು, ತಂಬಿಗೆ ಇಟ್ಟು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲು ಪೂರ್ತಿ ಮನೆಯಲ್ಲಿ ನಾನು, ನಮ್ಮವ್ವ, ಮತ್ತು ಗೋಡೆಯ ಆಚೆಗೆ ನನ್ನ ತಮ್ಮನ ನಾಲ್ಕು ಪಾವರ್‌ಲೂಮು.

ಆ ನಾಲ್ಕು ಮಗ್ಗಗಳ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು. ಕರೆಂಟು ಬಂತೆಂದರೆ ಮಗ್ಗ ಶುರು. ಮಗ್ಗ ಶುರುವಾದರೆ ಪಡಸಾಲೆಯಲ್ಲಿ ಪಕ್ಕದಲ್ಲಿ ಕೂತವನ ಮಾತೂ ಕೇಳುವುದಿಲ್ಲ. ಕರೆಂಟು ಹೋಯಿತೆಂದರೆ ಮಗ್ಗ ಬಂದ್, ಮನೆ ನಿಶ್ಶಬ್ದ, ಆದರೆ ಟಿವಿಯೂ ಬಂದ್. ಹೀಗಾಗಿ ಟಿವಿಯ ಚಿತ್ರ ಮತ್ತು ಮನೆಯ ನಿಶ್ಶಬ್ದ ಎರಡೂ ಒಂದೇ ಹೊತ್ತಿಗೆ ನನ್ನ ಪಾಲಿಗೆ ಬರಲೇ ಇಲ್ಲ. ರಾತ್ರಿ ಮಗ್ಗ ನಿಂತ ಮೇಲೆ ದುಡಿದು ದಣಿದವರು ಮಲಗುತ್ತಿದ್ದರು. ಅವರ ತಲೆಯ ಮೇಲೆ ಟಿವಿ ಹಚ್ಚುವಷ್ಟು ದಪ್ಪ ಚರ್ಮ ನನ್ನದಲ್ಲ.

ನಮ್ಮಂಥ ಮನೆಗಳಲ್ಲಿ ಜನ ಬಾಯಿಗಿಂತ ಕೈಯಿಂದಲೇ ಹೆಚ್ಚು ಮಾತಾಡುತ್ತಾರೆ. ಹೆಬ್ಬೆರಳು ತುಟಿಗೆ ಹಚ್ಚಿದರೆ ಚಾ, ಎರಡು ಬೆರಳು ಕತ್ತರಿ ಆಡಿಸಿದರೆ ನೂಲು ಹರಿದಿದೆ, ಅಂಗೈ ಕೆನ್ನೆಗೆ ಹಚ್ಚಿದರೆ ಮಲಗಿದ್ದಾರೆ. ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುವುದು. ನಾನೂ ಹಾಗೇ ಬೆಳೆದವನು, ಆದರೆ ಮಾಸ್ತರಿಕೆ ಸೇರಿದ ಮೇಲೆ ಆ ಅಭ್ಯಾಸ ಕೈತಪ್ಪಿತ್ತು. ಟಿವಿಯಲ್ಲಿ ಬರುವವರ ತುಟಿಯನ್ನಂತೂ ಓದಲು ಆಗುತ್ತಿರಲಿಲ್ಲ, ಅವರೆಲ್ಲ ಹಿಂದಿ ಇಲ್ಲವೆ ಇಂಗ್ಲಿಷು.

ಆದರೂ ಬಿಡಲಿಲ್ಲ. ಪೇಪರು ಬಂದ ಕೂಡಲೇ ಟಿವಿಯ ಕಾರ್ಯಕ್ರಮ ಪಟ್ಟಿ ತೆಗೆದು ಕೆಂಪು ಪೆನ್ನು ಹಿಡಿಯುತ್ತಿದ್ದೆ. ಉತ್ತರಪತ್ರಿಕೆ ತಿದ್ದಿದವನ ಚಟ. ಮಧ್ಯಾಹ್ನ ಕಾಲೇಜು ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ: ನೂರಕ್ಕೆ ಹದಿನೈದು. ಸಂಜೆ ರೈತರಿಗೆ ಹಿಂದಿಯಲ್ಲಿ ಬುದ್ಧಿಮಾತು: ಇಪ್ಪತ್ತು, ಅದೂ ಎಮ್ಮೆಗಳು ಛಲೋ ಇದ್ದವೆಂದು. ಯಾರೋ ದೊಡ್ಡವರು ರಿಬ್ಬನ್ನು ಕತ್ತರಿಸುವುದು: ಸೊನ್ನೆ. ದನಿಯಿಲ್ಲದ ಸಂಗೀತ ಕಛೇರಿಗೆ ಎಷ್ಟು ಕೊಡಬೇಕೆಂದು ತಿಳಿಯದೆ ಗೆರೆ ಎಳೆದು ಬಿಟ್ಟೆ. ಮೂವತ್ತೈದು ಮುಟ್ಟಿದ ಕಾರ್ಯಕ್ರಮ ಒಂದು ವಾರಕ್ಕೆ ಎರಡು ಸಿಕ್ಕರೆ ಅದೇ ಹೆಚ್ಚು.

ನಮ್ಮವ್ವನಿಗೆ ಮಾತ್ರ ಎಲ್ಲವೂ ಪಾಸು. ಅವಳ ಕೆಲಸ ಮಗ್ಗದ ಕೋಣೆಯಲ್ಲಿ ಕಂಡಕಿ ಸುತ್ತುವುದು, ಅಂದರೆ ಲಾಳಿಯ ಹೊಟ್ಟೆಯೊಳಗೆ ಕೂಡುವ ಸಣ್ಣ ಕಡ್ಡಿಗೆ ರಾಟಿಯಿಂದ ನೂಲು ಸುತ್ತಿಕೊಡುವುದು. ಹದಿನಾಲ್ಕನೆಯ ವಯಸ್ಸಿಗೆ ಈ ಮನೆಗೆ ಬಂದಾಗಿನಿಂದ ಅದನ್ನೇ ಮಾಡಿದವಳು. ನಡುನಡುವೆ ಸೊಂಟ ಹಿಡಿದುಕೊಂಡು ಬಂದು ನನ್ನ ಮಂಚದ ಮುಂದೆ ನೆಲಕ್ಕೆ ಕೂತು ಟಿವಿ ನೋಡುತ್ತಿದ್ದಳು. ಇಂಗ್ಲಿಷಿನ ಗಣಿತ ಪಾಠವನ್ನೂ ಅಷ್ಟೇ ಮನಸ್ಸಿಟ್ಟು ನೋಡುವಳು. ಸುದ್ದಿ ಓದುವ ಹೆಣ್ಣುಮಗಳು ಬಂದರೆ ಮುಂದಕ್ಕೆ ಸರಿದು, ನನ್ನ ಕಡೆ ಹೊರಳಿ ಕೂಗಿ ಹೇಳುವಳು.

"ಸೀರಿ ದಡಿ ನೋಡೋ ತಮ್ಮಾ. ಕೆಂಪು ದಡಿ ಅದು. ಒಡಲು ಹಸರು."

"ಬ್ಲ್ಯಾಕ್ ಅಂಡ್ ವೈಟ್ ಟಿವಿಯಾಗ ನಿನಗ ಕೆಂಪು ಎಲ್ಲಿ ಕಾಣಸ್ತೈತಿ?"

"ಅಂಥಾ ದಡಿ ಬ್ಯಾರೆ ಬಣ್ಣದಾಗ ಯಾರೂ ನೇಯೂದಿಲ್ಲ" ಅನ್ನುವಳು.

ಸಿಟ್ಟು ಬರುತ್ತಿತ್ತು. ಕಾಲಿನ ತುರಿಕೆ, ಬೆನ್ನಿನ ಉರಿ, ಎಷ್ಟು ಮಲಗಿದರೂ ಹೋಗದ ಆಯಾಸ, ಇವನ್ನೆಲ್ಲ ತೀರಿಸಿಕೊಳ್ಳಲು ಎದುರಿಗಿದ್ದವಳು ಅವಳೊಬ್ಬಳೇ. ಅವಳು ನನ್ನ ಕಡೆ ಹೊರಳಿದಾಗ, "ನಿನಗೇನ ತಿಳಿತೈತಿ ಅದರಾಗ? ಸುಮ್ನ ಬಾಯಿ ತೆರಕೊಂಡು ನೋಡ್ತಿ" ಅನ್ನುತ್ತಿದ್ದೆ. ಒಮ್ಮೆಯಲ್ಲ, ದಿನಾ ಅನ್ನುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ, "ನೋಡಾಕ ಛಲೋ ಐತಿ ಬಿಡು" ಅಂದು ನಗುವಳು. ಇನ್ನೊಂದು ಸಿಟ್ಟೆಂದರೆ, ಮಗ್ಗ ನಿಂತು ಮನೆ ಸುಮ್ಮನಿದ್ದಾಗಲೂ ನೀರು ಬೇಕೆಂದು ಹಿಂದಿನಿಂದ ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಬಡಿಗೆಯಿಂದ ನೆಲ ಬಡಿದರೆ ಮಾತ್ರ ಹೊರಳುವಳು. ಹಾಸಿಗೆ ಹಿಡಿದ ಮಗ ಅಂದರೆ ಅವ್ವನಿಗೂ ಬೇಸರವೇ ಅಂದುಕೊಂಡು ಮುಖ ಗಂಟು ಹಾಕಿಕೊಳ್ಳುತ್ತಿದ್ದೆ.

ಮಲಗಿ ಒಂದು ತಿಂಗಳಾದಾಗ ತಮ್ಮ ಬಂದು ಮಂಚದ ಅಂಚಿಗೆ ಕೂತ. ಕರೆಂಟು ಹೋಗಿತ್ತು, ಅವ್ವ ಹಿತ್ತಲಲ್ಲಿದ್ದಳು. "ಅಣ್ಣಾ, ಅವ್ವ ಇನ್ನ ಮಗ್ಗದ ಕಡೆ ಬರೂದು ಬ್ಯಾಡ" ಅಂದ. ಹಿಂದಿನ ದಿನ, ಮಗ್ಗ ಇನ್ನೂ ಶುರುವಾಗದೆ ಮೋಟರು ಅಷ್ಟೇ ತಿರುಗುತ್ತಿದ್ದಾಗ, ಅವಳ ಸೆರಗು ಅದರ ಪಟ್ಟಾದ, ಅಂದರೆ ಬೆಲ್ಟಿನ, ಹತ್ತಿರ ಹೋಗಿತ್ತಂತೆ. ತಮ್ಮ ಎಷ್ಟು ಕೂಗಿದರೂ ಅವಳು ಲಕ್ಷ್ಯ ಕೊಡದೆ ನಿಂತೇ ಇದ್ದಳಂತೆ. ನೇಯುವವನೊಬ್ಬ ಓಡಿ ಬಂದು ರಟ್ಟೆ ಹಿಡಿದು ಎಳೆಯದಿದ್ದರೆ ಗತಿ ಬೇರೆಯೇ ಆಗುತ್ತಿತ್ತು. "ವಯಸ್ಸಾತು, ಧ್ಯಾಸ ಇರೂದಿಲ್ಲ. ನಾ ಹೇಳಿದ್ರ ಕೇಳೂದಿಲ್ಲ, ನೀ ಹೇಳು."

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಯಾಕೆಂದರೆ ಆ ಕೋಣೆಯಿಂದ ಹೊರಗೆ ಬಾ ಅನ್ನುವುದೂ ಅವಳಿಗೆ ನೀನಿನ್ನು ಈ ಮನೆಗೆ ಬೇಡ ಅನ್ನುವುದೂ ಒಂದೇ. ಗೋಡೆಗೆ ಅಂಗೈ ಹಚ್ಚಿ, "ಮೂರನೇದು ತಪ್ಪಾಕತ್ತೈತಿ, ನೋಡ್ರಿ" ಅಂತ ಹೇಳುವವಳು ಅವಳು, ಮತ್ತು ಮೂರನೆಯ ಮಗ್ಗ ನಿಜವಾಗಿ ತಪ್ಪುತ್ತಿರುತ್ತಿತ್ತು. ಆ ಮುದುಕಿಯ ಕಿವಿ ಭಾಳ ಚುರುಕು ಎಂದು ಓಣಿಯಲ್ಲೆಲ್ಲ ಹೆಸರಿತ್ತು. ಅಂಥವಳಿಗೆ ನಾನು ಏನು ಹೇಳಲಿ? ಇವತ್ತು ನಾಳೆ ಎಂದು ದೂಡುತ್ತ ಹೋದೆ. ತಮ್ಮ ದಿನಾ ಬಾಗಿಲಲ್ಲಿ ನಿಂತು ಹುಬ್ಬು ಹಾರಿಸಿ ಕೇಳುವನು, ನಾನು ಇಲ್ಲವೆಂದು ತಲೆ ಅಲ್ಲಾಡಿಸುವೆನು.

ಭಾನುವಾರ ಮಧ್ಯಾಹ್ನ ಕಿವುಡರಿಗಾಗಿ ಒಂದು ವಾರ್ತೆ ಬರುತ್ತಿತ್ತು. ಒಬ್ಬಾಕೆ ಕೈ ಬೆರಳು ಆಡಿಸಿ ಸುದ್ದಿ ಹೇಳುತ್ತಿದ್ದಳು. ಅದನ್ನು ಅವ್ವ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ರಾಟಿ ಬಿಟ್ಟು, ಕೈ ತೊಳೆದುಕೊಂಡು ಬಂದು ಕೂರುವಳು. "ಈಕಿ ನಮ್ಮ ಮಗ್ಗದಾಕಿ ಇದ್ದಂಗ ಅದಾಳ ನೋಡು" ಅನ್ನುವಳು. ಸೀರೆ ನೋಡಲು ಬರುತ್ತಾಳೆ ಅಂದುಕೊಂಡು ನಾನು ಅದಕ್ಕೂ ಅಂಕ ಕೊಡದೆ ಬಿಟ್ಟಿದ್ದೆ.

ಆ ವಾರ್ತೆಯ ಬೆನ್ನಿಗೇ ಸಿನಿಮಾ. ದೇಶದ ಎಲ್ಲ ಭಾಷೆಗಳಿಗೂ ಸರದಿ. ನಾನು ಮಲಗಿದಾಗಿನಿಂದ ಬಂಗಾಳಿ ಬಂತು, ಒರಿಯಾ ಬಂತು, ಮಲಯಾಳಂ ಬಂತು. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರ, ಮಗ್ಗದ ನಡುಕಕ್ಕೆ ಅವು ಕುಣಿದು ಓದಲು ಬರುತ್ತಿರಲಿಲ್ಲ. ಕೊನೆಗೆ ಒಂದು ಶನಿವಾರ ಪೇಪರಿನಲ್ಲಿ ಕಂಡಿತು: ನಾಳೆ ಕನ್ನಡ. ಗೋಡೆಯ ಕ್ಯಾಲೆಂಡರಿನ ಕಡೆ ಕತ್ತು ಚಾಚಿದೆ. ನಾಳೆ ಅಮಾಸಿ.

ನೇಕಾರರ ಊರಲ್ಲಿ ಇದರ ಬೆಲೆ ಎಲ್ಲರಿಗೂ ಗೊತ್ತು. ಅಮಾಸಿಗೆ ನಮ್ಮಲ್ಲಿ ಮಗ್ಗ ಹಚ್ಚುವುದಿಲ್ಲ. ಮಗ್ಗಕ್ಕೆ ಕುಂಕುಮ, ಹೂವು, ಕಾಯಿ ಅಷ್ಟೇ. ಓಣಿಗೆ ಓಣಿಯೇ ಸುಮ್ಮನಿರುತ್ತದೆ, ಕರೆಂಟೂ ತುಂಬಿ ಬರುತ್ತದೆ. ನಾನು ಮಲಗಿದ ಮೇಲೆ ಬಂದ ಮೊದಲ ಅಮಾಸಿ ದವಾಖಾನೆಯಲ್ಲಿ ಕಳೆದಿತ್ತು, ಎರಡನೆಯದಕ್ಕೆ ದಿನವಿಡೀ ಕರೆಂಟು ಇರಲಿಲ್ಲ. ಇದು ಮೂರನೆಯದು. ಕೆಂಪು ಪೆನ್ನಿನಿಂದ ಆ ಸಿನಿಮಾದ ಸುತ್ತ ಎರಡು ಸುತ್ತು ಎಳೆದೆ. ಮನುಷ್ಯರು ನನ್ನ ಭಾಷೆಯಲ್ಲಿ ಮಾತಾಡುವುದನ್ನು ಎರಡೂವರೆ ತಾಸು ಕೇಳುತ್ತೇನೆ ಎಂಬ ಒಂದು ಆಸೆಗೆ ಮನೆಯವರಿಗೆಲ್ಲ ಹತ್ತು ಸಲ ಹೇಳಿ ತಲೆ ತಿಂದೆ.

ಭಾನುವಾರ ಹೆಂಡತಿ ಜಮಖಂಡಿಯ ತವರಿಗೆ ಹೋದಳು. ತಮ್ಮ ರಬಕವಿಗೆ, ಬೀಗರ ಮನೆಯ ಊಟಕ್ಕೆ. ಮನೆಯಲ್ಲಿ ನಾವಿಬ್ಬರೇ. ಕರೆಂಟು ಇತ್ತು. ಅವ್ವ ಟಿವಿಯ ಬಾಗಿಲು ಸರಿಸಿ ಗುಂಡಿ ತಿರುವಿದಳು. ಅಷ್ಟು ನೆಟ್ಟಗಿನ ಚಿತ್ರವನ್ನು ನಾನು ಅದರಲ್ಲಿ ಕಂಡೇ ಇರಲಿಲ್ಲ. ಕೈ ಬೆರಳಿನ ವಾರ್ತೆ ನಡೆದಿತ್ತು. ದನಿ ಇರಲಿಲ್ಲ. ಕಿವುಡರ ವಾರ್ತೆ, ದನಿ ಯಾಕೆ ಬೇಕು ಅಂದುಕೊಂಡು ಸುಮ್ಮನಿದ್ದೆ.

ಸಿನಿಮಾ ಶುರುವಾಯಿತು. ಕನ್ನಡದ ಅಕ್ಷರಗಳು ಪರದೆಯ ತುಂಬ ಬಂದವು. ಒಬ್ಬ ಮನುಷ್ಯ ಅಂಗಳದಲ್ಲಿ ನಿಂತು ಬಾಯಿ ಆಡಿಸಿದ. ದನಿ ಇಲ್ಲ. ಹಿತ್ತಲಿನಿಂದ ಕಾಗೆ ಕೂಗಿದ್ದು ಕೇಳಿಸಿತು, ಟಿವಿಯದು ಮಾತ್ರ ಇಲ್ಲ. ದನಿಯ ಗುಂಡಿ ತಿರುವು ಎಂದು ಅವ್ವನಿಗೆ ಕೈ ಮಾಡಿದೆ. ಅವಳು ಎದ್ದು ಅದನ್ನು ಬಲಕ್ಕೆ ತಿರುವುತ್ತ, ಸಾಕೇನು ಎಂದು ನನ್ನ ಮುಖ ನೋಡುತ್ತ, ಕೊನೆಯ ತನಕ ತಿರುವಿದಳು. ಸಣ್ಣ ಗುರ್ರ್ ಎನ್ನುವ ಸದ್ದೂ ಇಲ್ಲ. ಆಗ ತಿಳಿಯಿತು, ಟಿವಿಯ ಸ್ಪೀಕರು ಸತ್ತಿದೆ. ಯಾವಾಗ ಸತ್ತಿತೋ ದೇವರೇ ಬಲ್ಲ. ಮಗ್ಗದ ಮನೆಯಲ್ಲಿ ಅದನ್ನು ಕೇಳಿಸಿಕೊಂಡವರು ಯಾರು? ಎಷ್ಟು ವಾರಗಳಿಂದ ನಾವು ಮೂಕ ಟಿವಿಯ ಮುಂದೆ ಕೂತು, ಮಗ್ಗದ ಸದ್ದಿಗೆ ದನಿ ಕೇಳುತ್ತಿಲ್ಲ ಎಂದು ಗೊಣಗಿದ್ದೆವೋ.

ಅಳು ಬರುವಷ್ಟು ಸಿಟ್ಟು ಬಂತು. ಬಯ್ಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವ್ವ ನೆಲಕ್ಕೆ ಕೂತು, ಮೊಣಕಾಲಿಗೆ ಕೈ ಸುತ್ತಿಕೊಂಡು, ನನ್ನ ಕಡೆ ತಿರುಗಿ ಖುಷಿಯಿಂದ ಹೇಳಿದಳು: "ಇವತ್ತ ಎಷ್ಟ ಛಲೋ ಕೇಳಸಾಕತ್ತೈತಿ ನೋಡು ತಮ್ಮಾ. ಭಾಳ ದಿನದಿಂದ ಕಾಯಾಕತ್ತಿದ್ದಿ."

ಟಿವಿಯ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದೆ.

ಬಡಿಗೆ ಬಡಿದರೆ ಮಾತ್ರ ತಿರುಗುತ್ತಿದ್ದದ್ದು, ಗೋಡೆಗೆ ಅಂಗೈ ಹಚ್ಚುತ್ತಿದ್ದದ್ದು, ತಮ್ಮ ಕೂಗಿದರೂ ಪಟ್ಟಾದ ಹತ್ತಿರ ನಿಂತೇ ಇದ್ದದ್ದು, ಭಾನುವಾರದ ಆ ಕೈ ಬೆರಳಿನ ಹೆಣ್ಣುಮಗಳು, ಎಲ್ಲ ಒಟ್ಟಿಗೆ ತಲೆಗೆ ಬಂತು. ಎಲ್ಲರೂ ಕೈಯಲ್ಲಿ ಮಾತಾಡುವ, ಎಲ್ಲರೂ ತುಟಿ ನೋಡುವ ಮನೆಯಲ್ಲಿ ಒಬ್ಬಳಿಗೆ ಕಿವಿ ಹೋದದ್ದು ಯಾರಿಗೆ ಗೊತ್ತಾಗಬೇಕು? ನಾನಂತೂ ಓದಿದವನು, ನಲವತ್ತು ಮಕ್ಕಳಲ್ಲಿ ಯಾರಿಗೆ ಕಣ್ಣು ಮಂದ, ಯಾರಿಗೆ ಕಿವಿ ಮಂದ ಎಂದು ಒಂದು ವಾರದಲ್ಲಿ ಕಂಡುಹಿಡಿಯುವವನು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಭಯವಾಯಿತು. ತಮ್ಮನಿಗೆ ಇದು ತಿಳಿದರೆ ನಾಳೆಯೇ ಅವಳ ರಾಟಿ ಅಟ್ಟಕ್ಕೆ ಹೋಗುತ್ತದೆ. ತಿಳಿಯದಿದ್ದರೆ ಅವಳ ಸೆರಗು ಯಾವತ್ತೋ ಪಟ್ಟಾಕ್ಕೆ ಹೋಗುತ್ತದೆ.

"ಹೂಂನವ್ವಾ, ಛಲೋ ಕೇಳಸಾಕತ್ತೈತಿ" ಅಂದೆ.

ಆ ಮೂಕ ಸಿನಿಮಾ ಪೂರ್ತಿ ನೋಡಿದೆವು. ನಡುನಡುವೆ ಅವಳು ಹೊರಳಿ ನನ್ನ ಮುಖ ನೋಡುವಳು. ಯಾಕೆಂದು ಮೊದಲು ತಿಳಿಯಲಿಲ್ಲ. ನಾನು ನಕ್ಕಾಗ ನಗಲು, ಮುಖ ಸಣ್ಣ ಮಾಡಿದಾಗ ಲೊಚಗುಟ್ಟಲು. ಆಮೇಲೆ ನಾನೂ ಕಥೆ ಊಹಿಸಿ, ಇಲ್ಲಿ ನಗು ಇರಬೇಕು ಅನ್ನಿಸಿದಲ್ಲಿ ಸ್ವಲ್ಪ ಜೋರಾಗಿಯೇ ನಕ್ಕೆ. ಅವಳೂ ನಕ್ಕಳು. ಇಂದಿಗೂ ಆ ಸಿನಿಮಾದ ಕಥೆ ಏನೆಂದು ನನಗೆ ಗೊತ್ತಿಲ್ಲ.

ಮುಗಿಯುವ ಮೊದಲೇ ತಮ್ಮ ಬಂದ. ಬಾಗಿಲಲ್ಲಿ ನಿಂತು, "ಯಾಕ ಅಣ್ಣಾ, ದನೀನ ಇಲ್ಲಲಾ?" ಅಂದ. ಅವ್ವನ ಬೆನ್ನು ಅವನ ಕಡೆಗಿತ್ತು.

"ನಾನ ಸಣ್ಣ ಮಾಡಿಸೇನಿ. ತಲಿ ನೋಯಾಕತ್ತಿತ್ತು."

"ಇದಕ್ಕನ ಎರಡ ದಿನದಿಂದ ನಮ್ಮ ಜೀವಾ ತಿಂದಿ!" ಅಂದ.

ಅವನನ್ನು ಹತ್ತಿರ ಕರೆದೆ. ಅವ್ವನಿಗೆ ಹೇಳುತ್ತೇನೆ ಅಂದಿದ್ದೆನಲ್ಲ, ಇವತ್ತು ಹೇಳುತ್ತೇನೆ, ಆದರೆ ನಾಳೆಯಿಂದ ಅವಳ ರಾಟಿ ಈ ಪಡಸಾಲೆಗೆ ಬರಬೇಕು ಅಂದೆ. ನನಗೊಬ್ಬನಿಗೇ ಬೇಸರ, ಹೊತ್ತಿಗೆ ನೀರು ಕೊಡಲು ಹತ್ತಿರ ಯಾರಾದರೂ ಬೇಕು, ಕಂಡಕಿ ಇಲ್ಲೇ ಕೂತು ಸುತ್ತಲಿ, ನೀನು ಬುಟ್ಟಿ ಒಯ್ದರಾಯಿತು. ತಮ್ಮನ ಮುಖ ಹಗುರಾಯಿತು. ಅವ್ವನಿಗೂ ಇದನ್ನೇ ಹೇಳಿದೆ, ಅವಳನ್ನು ಎದುರಿಗೆ ಕೂರಿಸಿಕೊಂಡು, ತುಟಿ ನಿಧಾನ ಆಡಿಸಿ. "ನಿನ್ನ ಸಲುವಾಗಿ ಬರ್ತೇನಿ" ಅಂದಳು.

ರಾಟಿ ಬಂತು. ಟಿವಿಯ ಮುಂದೆ ಕೂತು ಸುತ್ತತೊಡಗಿದಳು. ಎರಡು ದಿನದ ಮೇಲೆ ಮಧ್ಯಾಹ್ನ ಕರೆಂಟು ಬಂದರೂ ಮೋಟರು ಕೆಟ್ಟು ಮಗ್ಗ ನಿಂತಿದ್ದವು. ಟಿವಿ ಮೂಕ ಎನ್ನುವುದು ತಮ್ಮನಿಗೂ ಕೆಲಸದವರಿಗೂ ಅವತ್ತು ಗೊತ್ತಾಯಿತು. ತಮ್ಮ ಅದರ ಮೇಲೆ ಎರಡು ಗುದ್ದು ಹಾಕಿ, "ಇದರ ದನಿ ಯಾವಾಗೋ ಹೋಗೇತಿ" ಎಂದು ಎಲ್ಲರಿಗೂ ಸಾರಿದ. ಆ ತುಟಿಗಳನ್ನು ಅವ್ವನೂ ನೋಡಿದಳು.

ಅವರೆಲ್ಲ ಒಳಗೆ ಹೋದ ಮೇಲೆ ರಾಟಿ ನಿಲ್ಲಿಸಿದಳು.

"ಅವತ್ತೂ ದನಿ ಇರಲಿಲ್ಲ, ಹೌದಿಲ್ಲೊ?"

ಹೌದೆಂದು ತಲೆ ಅಲ್ಲಾಡಿಸಿದೆ. ಸುಳ್ಳು ಹೇಳಿ ಸಾಕಾಗಿತ್ತು.

"ನಿನ್ನ ತಮ್ಮಗ ಹೇಳಬ್ಯಾಡ. ಕಿವುಡಿ ಅಂತ ಮೂಲ್ಯಾಗ ಕೂಡಸ್ತಾರ."

"ಹೇಳೂದಿಲ್ಲ. ಮಗ್ಗದ ಕಡೆ ಮಾತ್ರ ಹೋಗಬ್ಯಾಡ." ಆಮೇಲೆ ಕೇಳಿದೆ, "ಯಾವಾಗಿಂದ ಅವ್ವಾ?"

ನೂಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. "ಒಮ್ಮೆಲೆ ಹೋಗಲಿಲ್ಲ. ಮದಲ ಗುಬ್ಬಿ ಹ್ವಾದುವು. ಆಮ್ಯಾಲ ಮಂದಿ. ಮಗ್ಗ ಮಾತ್ರ ಈಗೂ ಅಂಗೈಗೆ ಬರ್ತಾವು." ಆಮೇಲೆ ನನ್ನ ಮುಖ ನೋಡಿ, ನನಗೆ ಸಮಾಧಾನ ಹೇಳುವವಳ ಹಾಗೆ ಅಂದಳು: "ನಿನ್ನ ದನಿ ನನಗ ಕೇಳಸ್ತೈತಿ ಬಿಡು. ಮಾಸ್ತರಕಿ ಕಲಿಯಾಕ ಹೋಗೂವಾಗ ಬಸ್ಸಿನ ಕಿಡಕ್ಯಾಗಿಂದ 'ಹೋಗಿ ಬರ್ತೇನವ್ವಾ' ಅಂದಿದ್ದಿಲ್ಲ, ಸಣ್ಣ ದನೀಲೆ, ಗಂಟಲಾ ಕಟ್ಟಿತ್ತು ನಿನಗ. ಅದ ಕಡೀಕ ನಾ ಛಲೋತ್ನ್ಯಾಗ ಕೇಳಿದ್ದು. ಈಗ ನೀ ಏನ ಅಂದ್ರೂ ನನಗ ಅದ ದನೀಲೆ ಬರ್ತೈತಿ."

ಇಪ್ಪತ್ತು ವರ್ಷ ಕೊನೆಯ ಬೆಂಚಿನ ತನಕ ಮುಟ್ಟುವ ಹಾಗೆ ಬೆಳೆಸಿಕೊಂಡ ನನ್ನ ಈ ಒರಟು ದನಿಯನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಮಂಚದ ಮೇಲಿಂದ ದಿನಾ ಅಂದ "ನಿನಗೇನ ತಿಳಿತೈತಿ" ಎಂಬುದನ್ನೂ ಅವಳು ಕೇಳಿಸಿಕೊಂಡದ್ದು ಗಂಟಲು ಕಟ್ಟಿದ ಆ ಹುಡುಗನ ದನಿಯಲ್ಲೇ. ಅದಕ್ಕೇ ಪ್ರತಿ ಸಲ ತಿರುಗಿ ನಗುತ್ತಿದ್ದಳು.

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವ್ವ ರಾಟಿಯ ಮೇಲೆ ಕೈಯಿಟ್ಟು, ನನ್ನ ತುಟಿಯನ್ನೇ ನೋಡುತ್ತ ಕಾಯುತ್ತಿದ್ದಳು.